ಎಡಗಣ್ಣಿನ ಅರ್ಧ ಮರ

1936ರ ತಮಿಳರ ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ತಾರಮಂಗಲಂನ ನೇಕಾರರ ಮನೆಯ ಪೊನ್ನಮ್ಮನನ್ನು ಸೊಸೆ ಪಾಪಾತಿ ಕೈಹಿಡಿದು ಸೇಲಂಗೆ ಕರೆತಂದಳು. ಪೊನ್ನಮ್ಮನಿಗೆ ಅರವತ್ತು ದಾಟಿತ್ತು. ಎರಡು ಕಣ್ಣಿಗೂ ಪೊರೆ ಕಟ್ಟಿ ಮೂರು ವರ್ಷವಾಗಿತ್ತು. ಬೆಳಕಿದೆಯೋ ಕತ್ತಲೆಯೋ ಎಂಬುದಷ್ಟೇ ತಿಳಿಯುತ್ತಿತ್ತು. ಅವಳು ಬಿಟ್ಟೆದ್ದ ಮಗ್ಗದಲ್ಲಿ ಈಗ ಪಾಪಾತಿ ಕೂರುತ್ತಿದ್ದಳು. ಮಗ ಸೀರೆಯ ಗಂಟು ಹೊತ್ತು ನಂಗವಳ್ಳಿ ಕಡೆ ಮಾರಿ ಬರುತ್ತಿದ್ದ.

ಡಾಕ್ಟರ್ ಸುಬ್ಬರಾಯನ್ ತಮ್ಮ ಮನೆಯ ಮುಂಭಾಗದಲ್ಲೇ ಕಣ್ಣಿನ ಆಸ್ಪತ್ರೆ ನಡೆಸುತ್ತಿದ್ದರು. ಮನೆಮಾತು ತಮಿಳಾದರೂ ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ ಬೆಳೆದವರಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಅವರು ಕಿಟಕಿ ಬಾಗಿಲು ಮುಚ್ಚಿ ಪೊನ್ನಮ್ಮನಿಗೆ ಕಣ್ಣು ಮುಚ್ಚಲು ಹೇಳಿದರು. ಬಲಗಣ್ಣಿನ ರೆಪ್ಪೆಯ ಮೂಲೆಗೆ ಪುಟ್ಟ ಟಾರ್ಚನ್ನು ಒತ್ತಿಹಿಡಿದು ಮೆಲ್ಲಗೆ ಅಲ್ಲಾಡಿಸಿದರು.

ಪೊನ್ನಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ಕೈ ಚಾಚಿ ಸೊಸೆಯ ಸೆರಗು ಹಿಡಿದುಕೊಂಡಳು.

“ಇಲ್ಲಿ ಯಾರು ಮರ ತಂದಿಟ್ಟವ್ರೆ?”

“ಯಾವ ಮರ ಅತ್ತೆ? ಇಲ್ಲೇನೂ ಇಲ್ಲ.”

“ಐತೆ ಕಣೆ. ಎಲೆ ಉದುರಿದ ಮರ. ಕರ್ರಗೆ ಐತೆ. ಹಿಂದೆ ಎಲ್ಲಾ ಕೆಂಪಗೈತೆ.”

ಮೂರು ವರ್ಷ ತನ್ನ ಅಂಗೈಯನ್ನೇ ಕಾಣದವಳು ಮುಚ್ಚಿದ ಕಣ್ಣಿನಲ್ಲಿ ಮರ ಕಾಣುತ್ತದೆ ಎನ್ನುತ್ತಿದ್ದಾಳೆ. ಅತ್ತೆಗೆ ಬುದ್ಧಿ ಕೆಟ್ಟಿತೆಂದೇ ಪಾಪಾತಿ ಅಂದುಕೊಂಡಳು.

“ಪರವಾಯಿಲ್ಲೆ, ಕೂತ್ಕೊಳ್ಳಿಯಮ್ಮ,” ಎಂದರು ಡಾಕ್ಟರು. “ಅದು ನಿಮ್ಮ ಕಣ್ಣೊಳಗಿನ ರಕ್ತನಾಳ. ಕಣ್ಣಿನ ಹಿಂದಿನ ಗೋಡೆ ಮೇಲೆ ಬಳ್ಳಿ ಥರ ಹಬ್ಬಿರುತ್ತೆ. ಬೆಳಕು ಅಲ್ಲಾಡಿದ್ರೆ ಅದರ ನೆರಳು ನಿಮಗೇ ಕಾಣುತ್ತೆ. ಪೊರೆ ಮುಂದೆ ಇದೆ, ಅದನ್ನ ತೆಗೀಬಹುದು. ಮರ ಕಂಡ್ರೆ ಹಿಂದಿನ ಗೋಡೆ ಚೆನ್ನಾಗಿದೆ ಅಂತ ಅರ್ಥ.”

“ನನ್ನ ರಕ್ತಾನ ನಾನೇ ನೋಡಿದ್ನಾ ಸಾಮಿ?”

“ಹೂಂ.”

ಪೊನ್ನಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಎಡಗಣ್ಣಿಗೆ ಬೆಳಕು ಹಿಡಿದಾಗ ಅವಳು ಬಹಳ ಹೊತ್ತು ನೋಡಿದಳು.

“ಇಲ್ಲಿ ಅರ್ಧಾನೇ ಐತೆ. ಬುಡದಿಂದ ಕೆಳಕ್ಕೆ ಓಗೋ ಕೊಂಬೆಗಳು ಅವೆ. ಮೇಲ್ಗಡೆ ಏನೂ ಇಲ್ಲ, ಬರೀ ಕತ್ಲು.”

“ಮರ ಕಂಡಿತಲ್ಲ, ಸಾಕು,” ಎಂದು ಡಾಕ್ಟರು ಬರೆದುಕೊಂಡರು. ಅವರು ಕೇಳುತ್ತಿದ್ದದ್ದು ಕಂಡಿತೋ ಇಲ್ಲವೋ ಎಂಬುದನ್ನು ಮಾತ್ರ. ಎಡಗಣ್ಣಿನ ಪೊರೆ ಚೆನ್ನಾಗಿ ಬಲಿತಿತ್ತು. ಮೊದಲು ಅದಕ್ಕೇ ಶಸ್ತ್ರಚಿಕಿತ್ಸೆ, ಮುಂದಿನ ವಾರ ಬನ್ನಿ ಎಂದರು.

ಊರಿಗೆ ಬಂದ ಪೊನ್ನಮ್ಮ ಒಂದು ಹಲಗೆ, ನೂಲಿಗೆ ಹಾಕುವ ಗಂಜಿ ಮತ್ತು ಕಪ್ಪು ನೂಲು ತರಿಸಿದಳು. “ಮರೆಯೋಕ್ ಮುಂಚೆ ಅಂಟಿಸ್ಬೇಕು,” ಎಂದಳು. ನಲವತ್ತು ವರ್ಷ ಎಳೆ ಎಣಿಸಿದ ಬೆರಳುಗಳು ಹಲಗೆಯನ್ನು ತಡವುತ್ತ ಬಲಕ್ಕೆ ಒಂದು ಇಡೀ ಮರ, ಎಡಕ್ಕೆ ಒಂದು ಅರ್ಧ ಮರ ಅಂಟಿಸಿದವು. ಎಲ್ಲಿ ಕವಲೊಡೆಯಿತು, ಯಾವ ಕವಲು ಯಾವುದರ ಮೇಲೆ ಹಾಯಿತು, ಅದೆಲ್ಲ ಅವಳಿಗೆ ನೆನಪಿತ್ತು.

ಮುಂದಿನ ವಾರ ಆ ಹಲಗೆಯನ್ನು ಡಾಕ್ಟರ ಮೇಜಿನ ಮೇಲೆ ಇಡಿಸಿದಳು.

“ಎಡಗಣ್ಣು ಬ್ಯಾಡ ಸಾಮಿ. ಅದು ಕೆಟ್ಟೈತೆ. ಬಲಗಣ್ಣು ಮಾಡಿ.”

“ಕಣ್ಣು ನೋಡೋ ಕೆಲಸ ನನ್ನದಮ್ಮ,” ಎಂದು ಅವರು ಹಲಗೆಯನ್ನು ಪಕ್ಕಕ್ಕೆ ಸರಿಸಿದರು. ಪೊನ್ನಮ್ಮ ಮತ್ತೆ ವಾದಿಸಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಎರಡು ಕಣ್ಣಿಗೂ ಪಟ್ಟಿ ಕಟ್ಟಿಸಿಕೊಂಡು ಅವಳು ಒಂಬತ್ತು ದಿನ ಅಲ್ಲಾಡದೆ ಮಲಗಿದಳು. ಹತ್ತನೆಯ ದಿನ ಪಟ್ಟಿ ಬಿಚ್ಚಿ, ಡಾಕ್ಟರು ಎಡಗಣ್ಣಿನ ಮುಂದೆ ದಪ್ಪ ಗಾಜು ಹಿಡಿದರು. ಪೊನ್ನಮ್ಮ ನೆಟ್ಟಗೆ ನೋಡಿದಳು.

“ಸಾಮಿ, ನಿಮ್ಗೆ ತಲೆ ಇಲ್ಲ.”

ಡಾಕ್ಟರು ಗಾಜನ್ನು ಸರಿಮಾಡಿ ಹಿಡಿದರು.

“ಅಂಗಿ ಗುಂಡಿ ಕಾಣ್ತೈತೆ, ಕೈ ಕಾಣ್ತೈತೆ. ಅದರ ಮೇಲೆ ಕತ್ಲು. ಪಾಪಾತೀ, ನಿಂಗೂ ಇಲ್ಲ.”

ಡಾಕ್ಟರು ಕಣ್ಣಿನೊಳಗೆ ನೋಡುವ ಕನ್ನಡಿ ತಂದು ಪೊನ್ನಮ್ಮನ ಮುಖಕ್ಕೆ ಮುಖವಿಟ್ಟು ನೋಡಿದರು. ಪೊರೆ ಹೋದ ಕಣ್ಣಿನ ಹಿಂಗೋಡೆ ಈಗ ಸ್ಪಷ್ಟವಾಗಿ ಕಾಣುತ್ತಿತ್ತು. ಮೇಲಿನ ರಕ್ತನಾಳಗಳು ಕೆಂಪಗೆ ಆರೋಗ್ಯವಾಗಿದ್ದವು. ಕೆಳಗಿನವು ಒಣಗಿ ಬಿಳಿಯ ಎಳೆಗಳಾಗಿದ್ದವು. ಎಂದೋ ಮುಚ್ಚಿಹೋದ ನಾಳಗಳು ಅವು.

“ನೀವು ಮೇಲ್ಗಡೆ ಅಂದ್ರಿ. ಹಾಳಾಗಿರೋದು ಕೆಳಗಡೆ,” ಎಂದು ಹೇಳುತ್ತಲೇ ಅವರ ಮಾತು ನಿಂತಿತು. ಕಣ್ಣಿನ ಗೋಡೆಯ ಮೇಲೆ ಎಲ್ಲವೂ ತಲೆಕೆಳಗಾಗಿ ಬೀಳುತ್ತದೆ. ಗೋಡೆಯ ಕೆಳಭಾಗ ಸತ್ತರೆ ಕಾಣದಿರುವುದು ಮೇಲಿನದೇ. ಓದಿದವರು ಅವರು, ಆದರೂ ಅದು ಹೊಳೆದಿರಲಿಲ್ಲ.

ಹಲಗೆ ಬೀರುವಿನ ಹಿಂದೆ ಸಿಕ್ಕಿತು. ಅದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಬುಡದಲ್ಲಿ ಮುಖ ನೋಡುವ ಕನ್ನಡಿಯೊಂದನ್ನು ಮಲಗಿಸಿದರು. ಕನ್ನಡಿಯಲ್ಲಿ ನೂಲಿನ ಅರ್ಧ ಮರ, ನೀರಿನಲ್ಲಿ ಕಾಣುವಂತೆ, ತಲೆಕೆಳಗಾಗಿ ಕಂಡಿತು. ಒಮ್ಮೆ ಕಣ್ಣಿನೊಳಗೆ ನೋಡಿದರು, ಒಮ್ಮೆ ಕನ್ನಡಿ ನೋಡಿದರು. ಮತ್ತೆ ಕಣ್ಣು, ಮತ್ತೆ ಕನ್ನಡಿ. ಮೊದಲ ಕವಲು ಅಲ್ಲೇ ಇತ್ತು. ಎರಡನೆಯದೂ. ಒಂದು ನಾಳ ಇನ್ನೊಂದರ ಮೇಲೆ ಹಾದ ಜಾಗವೂ ಅಲ್ಲೇ.

ಸುಬ್ಬರಾಯನ್ ಕೈಯಲ್ಲಿದ್ದ ಉಪಕರಣವನ್ನು ಕೆಳಗಿಟ್ಟರು. ಪೊರೆ ಇದ್ದಾಗ ಆ ಕಣ್ಣಿನೊಳಗೆ ಯಾವ ಡಾಕ್ಟರೂ ನೋಡುವಂತಿರಲಿಲ್ಲ. ಅದರ ನಕ್ಷೆಯನ್ನು ಅವಳು ಅಂಟಿಸಿ ತಂದುಕೊಟ್ಟಿದ್ದಳು.

“ನೀವು ಹೇಳಿದ್ರಿ. ನಾನು ಕೇಳಲಿಲ್ಲ,” ಎಂದರು.

“ಅತ್ತೆ, ಮನೆಗೆ ಓಗಾಣ,” ಎಂದಳು ಪಾಪಾತಿ. ಪೊನ್ನಮ್ಮ ಸೊಸೆಯ ಕೈ ಹಿಡಿದು ಹೊರಟಳು.

ಎರಡು ತಿಂಗಳ ಮೇಲೆ ಡಾಕ್ಟರೇ ಬಸ್ಸು ಹತ್ತಿ ತಾರಮಂಗಲಂಗೆ ಬಂದರು. ಪಾಪಾತಿ ಚಾಪೆಯನ್ನೂ ಹಾಸಲಿಲ್ಲ. ಬಲಗಣ್ಣು ಮಾಡಲು ಒಪ್ಪಿಗೆ ಕೇಳಲು ಬಂದೆ ಎಂದು ಅವರು ನಿಂತೇ ಹೇಳಿದರು.

ಪೊನ್ನಮ್ಮ ಅವರ ಕಡೆ ತಿರುಗಿದಳು. “ಆ ಬೆಳಕು ತಂದಿದ್ದೀರಾ?”

“ತಂದಿದ್ದೀನಿ.”

“ಕಣ್ಣಿಗೆ ಇಡಿ. ಮೊದ್ಲು ನಾನು ನೋಡ್ತೀನಿ.”

ಡಾಕ್ಟರು ಅವಳ ಮುಂದೆ ಮಂಡಿಯೂರಿ ಟಾರ್ಚು ಹಿಡಿದರು. ಪೊನ್ನಮ್ಮ ಮೇಲೆ, ಕೆಳಗೆ, ಅಕ್ಕಪಕ್ಕ ಎಲ್ಲ ನಿಧಾನವಾಗಿ ನೋಡಿ ಮುಗಿಸಿದಳು.

“ಪೂರ್ತಿ ಐತೆ. ಮಾಡಿ,” ಎಂದಳು.

ಕಾರ್ತಿಕದಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿ ಗಾಜು ಹಿಡಿದಾಗ ಅವಳು ಡಾಕ್ಟರನ್ನು ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ನೋಡಿದಳು. ಪಾಪಾತಿಯ ಕೆನ್ನೆ ಒಳಕ್ಕೆ ಹೋಗಿತ್ತು. ಮೂವತ್ತೈದು ತುಂಬದವಳ ಬೈತಲೆಯ ಎರಡೂ ಕಡೆ ಕೂದಲು ಬೆಳ್ಳಗಾಗಿತ್ತು.

“ನರೆತುಬಿಟ್ಟಿದ್ದೀಯಲ್ಲೇ,” ಎಂದಳು.

“ಮೂರು ವರ್ಷ ಆಯ್ತಲ್ಲ ಅತ್ತೆ.”

ಕನ್ನಡಕ ಕೈಗೆ ಬಂದ ಮರುದಿನ ಬೆಳಿಗ್ಗೆ ಪಾಪಾತಿ ಎದ್ದು ಬರುವಷ್ಟರಲ್ಲಿ ಪೊನ್ನಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದಳು. ಸೊಸೆ ಏಳಿಸಲು ಬಂದಾಗ, “ಓಗು, ಇನ್ನೊಂದ್ ಗಳಿಗೆ ಮಲಕ್ಕೋ,” ಎಂದು ಲಾಳಿ ಎಸೆದಳು.