ಸಿಪಾಯಿಯ ತುರಿಕೆ

ಟಕ್, ಟಕ್, ಟಕ್.

ಸರಿರಾತ್ರಿಯಲ್ಲಿ ಬೇಗೂರಿನ ಆ ಮನೆಯ ಬಾಗಿಲನ್ನು ಯಾರೋ ಬಡಿದರು. ಪ್ರದೀಪ್ ಟಾರ್ಚು ಹಿಡಿದು ಬಾಗಿಲು ತೆರೆದ. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಚಿಲಕ ಹಾಕಿ ಮಲಗಿದರೆ ಮತ್ತೆ ಅದೇ ಸದ್ದು. ಈ ಸಲ ಅವನ ಹೆಂಡತಿ ವನಿತಾ ಎದ್ದು ಹೋಗಿ ಬಗ್ಗಿ ನೋಡಿದಳು. ಹೊಸ್ತಿಲಿಗೆ ಒರಗಿ ಕುಳಿತ ಅವಳ ನಾಯಿ ಸಿಪಾಯಿ ಹಿಂಗಾಲಿನಿಂದ ಪಕ್ಕೆ ಕೆರೆದುಕೊಳ್ಳುತ್ತಿತ್ತು. ಕೆರೆತದ ಭರಕ್ಕೆ ಕಾಲು ಬಾಗಿಲಿಗೆ ಬಡಿಯುತ್ತಿತ್ತು.

ಬೆಳಗ್ಗೆ ಮಾವ ನಂಜುಂಡಪ್ಪ ತೀರ್ಪು ಕೊಟ್ಟರು.

“ಮನೆಯೋರ್ಗೆಲ್ಲ ನಿದ್ದೆ ಇಲ್ಲ ಕಣವ್ವ. ಸೋಮವಾರದೊಳಗೆ ಇದರ ತುರಿಕೆ ನಿಲ್ನಿಲ್ಲ ಅಂದ್ರೆ, ನಮ್ ಅರಿಶಿನದ ಚೀಲ ಸಾಗ್ಸೋ ಟೆಂಪೋಗೆ ಅತ್ತಿಸಿ ನಿನ್ ತೌರಿಗೆ ಕಳಿಸ್ಬುಡ್ತೀನಿ.”

ತವರೆಂದರೆ ಪುಣಜನೂರು, ಕಾಡಿನ ಅಂಚು. ಸಿಪಾಯಿಯ ತಾಯನ್ನು ಚಿರತೆ ಹೊತ್ತೊಯ್ದದ್ದು ಅಲ್ಲಿಂದಲೇ. ಉಳಿದ ಒಂದೇ ಮರಿಯನ್ನು ವನಿತಾ ಸೆರಗಿನಲ್ಲಿ ಸುತ್ತಿ ತಂದಿದ್ದಳು.

ಅವಳು ಪಶು ವೈದ್ಯರಿಗೆ ಫೋನು ಮಾಡಿದಳು.

“ಸೋಪು, ಫಿನಾಯಿಲು ಏನೂ ಬೇಡಮ್ಮ,” ಎಂದರು ಅವರು. “ಉಣ್ಣಿ ಇದೆಯಾ ನೋಡಿ. ಬೇವಿನ ಸೊಪ್ಪು ಕುದಿಸಿ, ಆರಿದ ನೀರಲ್ಲಿ ಮೈ ತೊಳೆದು, ಚೆನ್ನಾಗಿ ಒರೆಸಿ.”

ಕಿವಿಯ ಸಂದಿಯಿಂದ ಬೆರಳ ನಡುವಿನವರೆಗೆ ಹುಡುಕಿದರೂ ಒಂದು ಉಣ್ಣಿಯೂ ಸಿಗಲಿಲ್ಲ. ಬೇವಿನ ನೀರಿನ ಸ್ನಾನವಾದ ಮೇಲೆ ಸಂಜೆವರೆಗೂ ಸಿಪಾಯಿ ತಣ್ಣಗೆ ಮಲಗಿತ್ತು. ಆದರೆ ಬೆಳಗಾದರೆ ಮತ್ತೆ ಕೆರೆತ, ಬೆನ್ನು ಕೆಂಡದಂತೆ ಕೆಂಪು. ವನಿತಾ ಮೂಗು ಹತ್ತಿರ ತಂದಳು. ಘಮ್ಮೆಂದಿತು ಮಂಡಿನೋವಿನ ಮುಲಾಮು.

“ಅದು ನಾಯಿ ಚರ್ಮಕ್ಕೆ ಉರಿಯಮ್ಮ,” ಎಂದರು ವೈದ್ಯರು. “ಹಚ್ಚುತ್ತಿರೋರನ್ನ ಹಿಡೀರಿ, ತುರಿಕೆ ತಾನಾಗಿ ನಿಲ್ಲುತ್ತೆ.”

ಮುಲಾಮು ಅತ್ತೆ ಚಿಕ್ಕಬಸಮ್ಮನದು. ವನಿತಾ ಅಳುಕುತ್ತಲೇ ಕೇಳಿದಳು.

“ನಾನ್ಯಾಕಮ್ಮಿ ನಾಯಿಗೆ ಬಳೀಲಿ? ಡಬ್ಬಿ ಗೂಡಿಂದ ಕಾಣೆಯಾಗೈತೆ. ಅದನ್ನ ಹುಡುಕಿ ಹುಡುಕಿ ನನ್ ಮಂಡಿ ಇನ್ನಷ್ಟು ಇಡ್ಕಂಡದೆ.”

“ನಂಗೊತ್ತಿಲ್ಲ,” ಎಂದ ಪ್ರದೀಪ್. “ನಾಯಿ ಮೈ ನೀವೋಕೆ ನಂಗೇನು ಬೇರೆ ಕೆಲ್ಸ ಇಲ್ವಾ?” ಎಂದು ಮಾವ ಗದರಿದರು. ಹಾಗಾದರೆ ಮುಲಾಮಿಗೆ ಕಾಲು ಬಂದಿತ್ತೇ?

ವನಿತಾ ಬಲೆ ಬೀಸಿದಳು. ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ರಾತ್ರಿ ಸಿಪಾಯಿಯ ಬೆನ್ನಿಗೆ ಸವರಿದಳು. ಮುಟ್ಟಿದವರ ಅಂಗೈ ಹಳದಿಯಾಗದೇ ಇರುತ್ತದೆಯೇ? ಬೆಳಗ್ಗೆ ಕಾಫಿ ಕೊಡುತ್ತ ಕೈಗಳನ್ನು ನೋಡಿದಳು. ಅತ್ತೆಯದು ಹಳದಿ. ಮಾವನದು ಹಳದಿ. ಪ್ರದೀಪನದು ಮೊಣಕೈವರೆಗೂ ಹಳದಿ. ಕೊನೆಗೆ ತನ್ನ ಕೈ ನೋಡಿಕೊಂಡರೆ ಅದೂ ಹಳದಿ. ಮನೆಮಂದಿಯೆಲ್ಲ ಒಣಗಿದ ಅರಿಶಿನವನ್ನು ಉಜ್ಜಿ ಚೀಲಕ್ಕೆ ತುಂಬುವ ಕಾಲದಲ್ಲಿ ಅರಿಶಿನದಿಂದಲೇ ಕಳ್ಳನನ್ನು ಹಿಡಿಯಹೊರಟ ತನ್ನ ಬುದ್ಧಿಗೆ ವನಿತಾಳಿಗೇ ನಗು ಬಂತು.

ನಗು ನಿಂತ ಮೇಲೆ ಭಯವಾಯಿತು. ಮರುದಿನವೇ ಸೋಮವಾರ.

ಆ ಸಂಜೆ ಪಶು ವೈದ್ಯರ ಮನೆಯಿಂದ ಕೆರೆದ ಗಾಯಕ್ಕೆ ಹಚ್ಚುವ ನೇರಳೆ ಬಣ್ಣದ ಔಷಧ ತಂದಳು. ಯಾರಿಗೂ ತಿಳಿಸದೆ, ದೀಪ ಆರಿದ ಮೇಲೆ, ನಾಲಗೆ ಎಟುಕದ ಕಡೆ ನೋಡಿ ಹಚ್ಚಿದಳು. ಕತ್ತಲಲ್ಲಿ ಬಣ್ಣ ಯಾರ ಕಣ್ಣಿಗೂ ಬೀಳದು.

ಬೆಳಕು ಹರಿಯುತ್ತಲೇ ರಾಜಣ್ಣನ ಟೆಂಪೋ ಮನೆಮುಂದೆ ಬಂದು ನಿಂತಿತು. ಅರಿಶಿನದ ಚೀಲಗಳು ಏರಿದವು. ಸಿಪಾಯಿಯ ಕೊರಳಿಗೆ ಹಗ್ಗ ಬಿತ್ತು.

“ಬಾರ್ಲಾ, ಚಾಮರಾಜನಗರ ನೋಡ್ಕಂಡು ಪುಣಜನೂರಿಗೆ ಓಗನ,” ಎಂದು ರಾಜಣ್ಣ ಎಳೆದ.

“ಒಂದು ನಿಮಿಷ ತಡೀರಣ್ಣ,” ಎಂದಳು ವನಿತಾ. ಅವಳ ಕಣ್ಣು ಬಚ್ಚಲ ಮೋರಿಯ ಮೇಲಿತ್ತು. ಬಚ್ಚಲ ಬಾಗಿಲು ಒಳಗಿನಿಂದ ಭದ್ರ. ಒಳಗೆ ಯಾರೋ ತೆಂಗಿನ ನಾರಿನಿಂದ ಗಸಗಸ ಕೈ ಉಜ್ಜುತ್ತಿದ್ದರು. ಮೋರಿಯಲ್ಲಿ ಹರಿದು ಬರುತ್ತಿದ್ದ ನೀರು ಅಚ್ಚ ನೇರಳೆ.

ವನಿತಾ ಅದರತ್ತ ಬೆರಳು ತೋರಿದಳು. ಚಿಕ್ಕಬಸಮ್ಮ ಬಗ್ಗಿ ನೋಡಿದರು, ಬಾಗಿಲ ಸಂದಿಗೆ ಮೂಗಿಟ್ಟು ಮುಲಾಮಿನ ವಾಸನೆ ಹಿಡಿದರು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

“ಹಗ್ಗ ಬಿಚ್ಚುಲಾ ರಾಜಣ್ಣ. ನಾಯಿ ಇಲ್ಲೇ ಇರ್ತದೆ. ಅದಕ್ಕೆ ತುರಿಕೆ ತಂದೋರು ಸಿಕ್ರು. ನನ್ ಮುಲಾಮು ಕದ್ದು ಮಂಡಿಗೆ ಹಚ್ಕಂಡು, ಅದೇ ಕೈಲಿ ರಾತ್ರಿಯೆಲ್ಲ ಕದ್ದುಮುಚ್ಚಿ ನಾಯಿ ಮೈ ನೀವ್ತಿದ್ರು.”

“ಯಾರವ್ವ ಅದು, ಒಳಗಿರೋರು?”

ಮದುವೆಯಾದಾಗಿನಿಂದ ಒಮ್ಮೆಯೂ ಬಾಯಿಬಿಟ್ಟು ಹೇಳದ ಹೆಸರನ್ನು ಚಿಕ್ಕಬಸಮ್ಮ ಬೀದಿಗೆಲ್ಲ ಕೇಳುವಂತೆ ಹೇಳಿದರು:

“ನಂಜುಂಡಪ್ಪ.”