ಹುಲ್ಲಿನ ಕರು

ಮೊದಲ ಮಳೆ ಬಿದ್ದು ನಾಲ್ಕು ದಿನವಾಗಿತ್ತು. ಸುತ್ತಲ ಹೊಲಗಳಲ್ಲಿ ಬಿತ್ತನೆಯ ಗಡಿಬಿಡಿ. ಪಶು ಸಹಾಯಕರ ತರಬೇತಿ ಕಾಲೇಜಿನಲ್ಲಿ ಸಹಿಯ ಗಡಿಬಿಡಿ. ಮಧ್ಯಾಹ್ನ ತಪಾಸಣೆಯವರು ಬರುವವರಿದ್ದರು. ಮೇಷ್ಟ್ರು ಬೆಳಗಿನಿಂದ ಮೂರು ಪೆನ್ನು ಮುಂದಿಟ್ಟುಕೊಂಡು, ಹತ್ತು ಪುಟಕ್ಕೊಮ್ಮೆ ಬದಲಾಯಿಸುತ್ತ, ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಪುಸ್ತಕಗಳಿಗೆ ಸಹಿ ಹಾಕುತ್ತಿದ್ದರು. ಒಬ್ಬೊಬ್ಬರೂ ಇಪ್ಪತ್ತು ಹಸುಗಳ ಹೆರಿಗೆ ಮಾಡಿಸಿರಬೇಕೆಂಬುದು ನಿಯಮ. ಕಾಲೇಜಿನಲ್ಲಿದ್ದದ್ದು ಎರಡು ಹಸು, ಅದರಲ್ಲೊಂದು ಗೊಡ್ಡು.

ಜವಾನ ಎದುರಿಗೆ ಕೂತು, ಸಹಿಯಾದ ಪುಟಗಳ ಅಂಚಿಗೆ ಸಗಣಿ ಸೋಕಿದ ಹೆಬ್ಬೆರಳು ಒತ್ತುತ್ತಿದ್ದ.

"ಏನಯ್ಯಾ ಇದು ಗಲೀಜು?"

"ಕೊಟ್ಟಿಗೆ ಕಂಡ ಪುಸ್ತಕ ಮದುವೆ ಪತ್ರಿಕೆ ಥರ ಇರುತ್ತಾ ಮೇಷ್ಟ್ರೇ? ಹೋದ ಸಲ ಬಂದವರು ಇದನ್ನೇ ನೋಡಿ ಭೇಷ್ ಅಂದ್ರು. ನಿಮ್ಮ ಸಹಿಗಿಂತ ನನ್ನ ಸಗಣಿಗೇ ಬೆಲೆ ಜಾಸ್ತಿ."

ಮೇಷ್ಟ್ರು ನಕ್ಕರು. ಹನ್ನೊಂದು ವರ್ಷದಿಂದ ನಗುತ್ತಲೇ ಬಂದಿದ್ದರು. ಮೊದಲ ವರ್ಷ ಮಾತ್ರ ಇದು ಸರಿಯಲ್ಲ ಅಂದಿದ್ದರು. "ಹಾಗಾದ್ರೆ ಕಾಲೇಜು ಮುಚ್ಚೋಣ, ನೀವೂ ಮನೆಗೆ ಹೋಗಿ" ಎಂದಿದ್ದರು ಪ್ರಿನ್ಸಿಪಾಲರು. ಆಮೇಲೆ ಮೇಷ್ಟ್ರೇ ಒಂದು ದಾರಿ ಹುಡುಕಿದ್ದರು: ಗೋಣಿ ಹೊಲಿದು ಹುಲ್ಲು ತುಂಬಿದ ಒಂದು ಕರು, ಅದನ್ನಿಡಲು ತೂತು ಕೊರೆದ ಪ್ಲಾಸ್ಟಿಕ್ ಡ್ರಮ್ಮು. ವಿದ್ಯಾರ್ಥಿಗಳು ಅದರೊಳಗೆ ಕೈಯಿಟ್ಟು, ಮುಂಗಾಲೆರಡಕ್ಕೆ ಹಗ್ಗ ಬಿಗಿದು ಎಳೆದರೆ ಹೆರಿಗೆಯಾಯಿತು. ಆ ಕಾಲುಗಳು ಪದೇ ಪದೇ ಕಿತ್ತುಬರುತ್ತವೆಂದು ಮೇಷ್ಟ್ರು ಅವನ್ನು ಮೂತಿಯ ಕೆಳಗೆ ನೆಟ್ಟಗೆ ಚಾಚಿಸಿ ಹೊಲಿದಿದ್ದರು.

ಫೋನು ಬಡಿದುಕೊಂಡಿತು. ನಾಲ್ಕು ಮೈಲಿಯಾಚೆ ಹೈನು ನಂಬಿ ಬದುಕುತ್ತಿದ್ದ ಅಕ್ಕ.

"ಲೋ ತಮ್ಮಾ, ಕೆಂಪಿಗೆ ಬೆಳಗಿನ ಜಾವದಿಂದ ನೋವು ಕಣೋ. ಕರು ಬರ್ತಾನೇ ಇಲ್ಲ. ಇವತ್ತು ತಪಾಸಣೆ ಅಂದಿದ್ಯಲ್ಲ, ಅದಕ್ಕೆ ನಿನ್ನ ಕರೀಲಿಲ್ಲ. ಕೆರೆಯಾಚೆ ಹುಡುಗಿ ಒಬ್ಬಳು ನಿಮ್ಮ ಕಾಲೇಜಲ್ಲೇ ಓದಿದಾಳಲ್ಲ, ಅವಳನ್ನ ಕರ್ಕೊಂಡು ಬಂದೆ. ಗೋಡೆಗೆ ಸರ್ಟಿಫಿಕೇಟು ಹಾಕಿದಾಳೆ. ಕೆಳಗೆ ನಿನ್ನ ಸಹಿ. ಇನ್ನೇನು ಬೇಕು ಹೇಳು."

ಪೆನ್ನು ಕಾಗದದ ಮೇಲೇ ನಿಂತುಬಿಟ್ಟಿತು. "ಫೋನು ಅವಳ ಕೈಗೆ ಕೊಡಕ್ಕಾ."

"ಸರ್..." ಹುಡುಗಿ ಏದುಸಿರು ಬಿಡುತ್ತಿದ್ದಳು. "ತಲೆ ಸಿಗ್ತಿದೆ. ಒಂದು ಕಾಲಿಗೆ ಹಗ್ಗ ಕಟ್ಟಿದೀನಿ, ಇಬ್ಬರು ಗಂಡಸರು ಎಳೀತಿದಾರೆ. ಇನ್ನೊಂದು ಕಾಲು ಇಲ್ವೇ ಇಲ್ಲ ಸರ್. ಈ ಕರು ಹುಟ್ಟಾ ಒಂಟಿಗಾಲಿಂದು."

ಮೇಷ್ಟ್ರಿಗೆ ಮಾತು ತಲೆಗೆ ಇಳಿಯಲು ಒಂದು ಗಳಿಗೆ ಬೇಕಾಯಿತು. ಇಳಿದದ್ದೇ ಕೂಗಿದರು.

"ಎಳೀಬೇಡಿ! ಬಿಡಿ ಹಗ್ಗ! ಕಾಲು ಹಿಂದಕ್ಕೆ ಮಡಚಿಕೊಂಡಿದೆ ಕಣಮ್ಮಾ!"

"ಕಾಲು... ಮಡಚ್ಕೊಳ್ಳುತ್ತಾ ಸರ್?"

ಮೇಷ್ಟ್ರು ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಜವಾನ ಏನೋ ಕೂಗಿದ, ಕೇಳಿಸಲಿಲ್ಲ. ಕೆಸರು ದಾರಿಯಲ್ಲಿ ಬೈಕು ಎರಡು ಸಲ ಜಾರಿತು. ದಾರಿಯುದ್ದಕ್ಕೂ ಆ ಪ್ರಶ್ನೆಯೊಂದೇ ಕಿವಿಯಲ್ಲಿ. ಹನ್ನೊಂದು ವರ್ಷ, ವರ್ಷಕ್ಕೆ ನಲವತ್ತು ಮಂದಿ. ಅಷ್ಟೂ ಜನ ಇಂಥ ಒಂದೊಂದು ಕೊಟ್ಟಿಗೆಯಲ್ಲಿ ನಿಂತಿರಬೇಕು.

ಕೆಂಪಿ ಕಾಲು ಚಾಚಿ ಮಲಗಿತ್ತು. ಹುಡುಗಿ ಭುಜದವರೆಗೆ ರಕ್ತವಾಗಿ ಗೋಡೆಗೊರಗಿದ್ದಳು. ಮೇಷ್ಟ್ರು ಅಂಗಿ ಬಿಚ್ಚಿ, ಕೈಗೆ ಸೋಪು ಸವರಿ, ಬೋರಲಾಗಿ ಮಲಗಿ ಕೈಯಿಟ್ಟರು. ನೋವು ತಗ್ಗಿದಾಗಲೆಲ್ಲ ಕರುವನ್ನು ಒಳಕ್ಕೆ ತಳ್ಳಿದರು. ಮಡಚಿದ ಗೊರಸು ಗರ್ಭ ಹರಿಯದಂತೆ ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಇಂಚಿಂಚಾಗಿ ಮುಂದಕ್ಕೆ ತಂದರು. ಮುಕ್ಕಾಲು ಗಂಟೆ ಹಿಡಿಯಿತು. ಕರು ಬಂತು. ನಾಲ್ಕೂ ಕಾಲಿದ್ದ, ಹಣೆಯಲ್ಲಿ ಬಿಳಿ ಚುಕ್ಕೆಯಿದ್ದ ಹೆಣ್ಣುಗರು. ಉಸಿರಿರಲಿಲ್ಲ.

ಕೆಂಪಿ ತಲೆಯೆತ್ತಿ ಅದನ್ನು ನೆಕ್ಕತೊಡಗಿತು.

"ಅಷ್ಟೂ ಗೊತ್ತಾಗಲ್ವೇನೇ ನಿನಗೆ?" ಮೇಷ್ಟ್ರು ಹುಡುಗಿಯ ಮೇಲೆ ಹರಿಹಾಯ್ದರು.

ಅವಳು ಅಳಲಿಲ್ಲ. ಬೆರಗಾದವಳಂತೆ ಅವರನ್ನೇ ನೋಡಿದಳು. "ನನ್ನ ಪುಸ್ತಕದಲ್ಲಿ ಇಪ್ಪತ್ತು ಬರೆದಿದ್ರಲ್ಲ ಸರ್. ಹುಲ್ಲಿನ ಕರುನೂ ಲೆಕ್ಕಕ್ಕಿದೆ, ಬರುತ್ತೆ ಹೋಗು ಅಂದ್ರಿ. ನನಗೆ ಬರುತ್ತೆ ಅಂತ ನಾನೂ ನಂಬಿಬಿಟ್ಟೆ."

ಅಕ್ಕ ಒಮ್ಮೆ ಅವಳ ಮುಖ, ಒಮ್ಮೆ ತಮ್ಮನ ಮುಖ ನೋಡಿದಳು. ಕೇಳಬೇಕಾದದ್ದೇನೂ ಉಳಿದಿರಲಿಲ್ಲ.

ಫೋನು ಮತ್ತೆ ಬಡಿದುಕೊಂಡಿತು. "ಎಲ್ಲಿ ಹಾಳಾಗಿ ಹೋದ್ರಿ?" ಪ್ರಿನ್ಸಿಪಾಲರು ಪಿಸುಗುಟ್ಟಿದರು. "ಬಂದಿದಾರೆ, ಟೀ ಕುಡೀತಿದಾರೆ. ಪುಸ್ತಕ ಎಲ್ಲಾ ಚೆನ್ನಾಗಿವೆ ಅಂತಿದಾರೆ."

"ಬರ್ತೀನಿ ಸಾರ್. ಅವರನ್ನ ಕಳಿಸಬೇಡಿ. ಡ್ರಮ್ಮು, ಹುಲ್ಲಿನ ಕರು ಎರಡನ್ನೂ ಅಂಗಳಕ್ಕೆ ತೆಗೆಸಿಡಿ. ನಾನೇ ತೋರಿಸಬೇಕು."

"ತಲೆ ಕೆಟ್ಟಿದೆಯೇನ್ರೀ?" ಮುಂದಿನದನ್ನು ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ಹುಡುಗಿಯತ್ತ ತಿರುಗಿದರು.

"ನಿನಗೆ ಇಪ್ಪತ್ತು ಬಾಕಿ ಇದೆ ನನ್ನಿಂದ. ಕೆಲಸ ಉಳಿದ್ರೂ ಹೋದ್ರೂ, ಎಲ್ಲಿ ಹಸು ಈಯುತ್ತೋ ಅಲ್ಲಿಗೆ ಕರೀತೀನಿ. ಬರ್ತೀಯಾ?"

"ಇವತ್ತಿಂದು ಸೇರಿ ಇಪ್ಪತ್ತಾ ಸರ್?"

"ಇವತ್ತಿಂದು ಲೆಕ್ಕಕ್ಕಿಲ್ಲ."

ಅಕ್ಕ ಚೊಂಬಿನಲ್ಲಿ ನೀರು ತಂದು ಅವರ ಕೈಗೆ ಹೊಯ್ದಳು. ಯಾವ ಹೊತ್ತಿಗೆ ಬಂದರೂ ಉಣ್ಣದೆ ಹೋಗಲು ಬಿಟ್ಟವಳಲ್ಲ ಅವಳು. ಚೊಂಬು ಬರಿದಾಯಿತು. ಮೇಷ್ಟ್ರು ಅಂಗಿ ತೊಟ್ಟು, ಬೈಕಿನ ಪಕ್ಕ ಕೊಂಚ ಹೊತ್ತು ಕಾದರು.

ಅಕ್ಕ ಊಟಕ್ಕೆ ಕರೆಯಲಿಲ್ಲ.