ಗೆದ್ದವಳ ಕುರ್ಚಿ

ಪಂಚಾಯಿತಿ ಚುನಾವಣೆಯಲ್ಲಿ ಗೆದ್ದವಳು ಟೈಲರಮ್ಮ. ಊರಿನವರ ಬಾಯಲ್ಲಿ ಮೆಂಬರ್ ಆದವನು ಅವಳ ಗಂಡ. ಹೆಂಗಸರಿಗೆಂದು ಮೀಸಲಿಟ್ಟ ಕುರ್ಚಿಯಲ್ಲಿ ಅವನೇ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದ. ಅವಳ ಪಾಲಿಗೆ ಉಳಿದದ್ದು ಅವನ ಅಂಗಿಗೆ ಇಸ್ತ್ರಿ ಹಾಕುವ ಕೆಲಸ. ಗೆದ್ದ ಹೆಂಗಸರಿದ್ದ ಮನೆಗಳಲ್ಲೆಲ್ಲ ಇದೇ ಪದ್ಧತಿ, ಯಾರಿಗೂ ನಾಚಿಕೆಯಿಲ್ಲ.

ಬೀದಿಯ ಚರಂಡಿಗೆ ಚಪ್ಪಡಿ ಹಾಕಿಸಿ ಎಂದು ಗಂಡನಿಗೆ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಅಧ್ಯಕ್ಷ ಅವನ ಜೀವದ ಗೆಳೆಯ, ಗೆಳೆಯನನ್ನು ಒತ್ತಾಯಿಸುವ ಮನಸ್ಸು ಅವನಿಗಿಲ್ಲ. ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು. ಕೊನೆಗೆ ಅತ್ತೆಯೇ ಅದರಲ್ಲಿ ಬಿದ್ದು, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು.

ಅಷ್ಟರಲ್ಲಿ ಅಧ್ಯಕ್ಷನ ಮೇಲೆ ಅವಿಶ್ವಾಸ ನಿರ್ಣಯ ಬಂತು. ಗಂಡ ಎಂದಿನಂತೆ ಹೋಗಿ ಕೂತ. ಸಭೆ ನಡೆಸಲು ಬಂದಿದ್ದ ಅಧಿಕಾರಿ, "ಆರಿಸಿ ಬಂದವರಿಗೆ ಮಾತ್ರ ಮತ. ಗಂಡಂದಿರೆಲ್ಲ ಹೊರಗೆ ನಡೀರಿ" ಎಂದುಬಿಟ್ಟರು.

ಅವನು ಮನೆಗೆ ಓಡಿ ಬಂದ.

"ನೀನು ಆ ಕಡೆ ತಲೆ ಹಾಕ್ಬೇಡ. ವಿರುದ್ಧ ಮತ ಕಡಿಮೆ ಬಿದ್ರೆ ಅಧ್ಯಕ್ಷರು ಉಳ್ಕೋತಾರೆ."

"ಗೆದ್ದೋಳು ನಾನಲ್ವಾ?"

"ಗೆಲ್ಲಿಸಿದ್ದು ನಾನು!"

ಹಾಸಿಗೆಯಿಂದಲೇ ಅತ್ತೆ ದನಿಗೂಡಿಸಿದರು: "ಗಂಡಸರ ಮಧ್ಯೆ ಕೈ ಎತ್ತೋದು ಮರ್ಯಾದಸ್ಥ ಹೆಣ್ಣಿಗೆ ಶೋಭೆಯೇನಮ್ಮಾ?"

"ಅತ್ತೆ, ನೀವು ಬಿದ್ದಿದ್ದು ಯಾರು ಮುಚ್ಚಿಸದ ಚರಂಡೀಲಿ? ಕೈ ಎತ್ತಬೇಕಾದೋಳು ಇಲ್ಲಿ ಇಸ್ತ್ರಿ ಹಾಕ್ತಾ ಕೂತಿದ್ದೆ. ಅದಕ್ಕೇ ಅದು ಹಾಗೇ ಬಾಯಿ ತೆರ್ಕೊಂಡಿತ್ತು."

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಅವಳು ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಹೊರಟಳು.

ಸಭೆಯಲ್ಲಿ ನಿರ್ಣಯದ ಪರವಾಗಿ ಅವಳ ಕೈ ಮೇಲೆದ್ದಿತು. ಅದರಿಂದೇನು ಬಂತು? ಇನ್ನಿಬ್ಬರು ಹೆಂಗಸರ ಕುರ್ಚಿಗಳು ಖಾಲಿ ಬಿದ್ದಿದ್ದವು. ಅವರ ಗಂಡಂದಿರು ಬಾಗಿಲಾಚೆ ಹಲ್ಲು ಕಿರಿಯುತ್ತ ನಿಂತಿದ್ದರು. ಆ ಎರಡು ಮತ ಕಡಿಮೆಯಾಗಿ ನಿರ್ಣಯ ಬಿದ್ದುಹೋಯಿತು. ಅಧ್ಯಕ್ಷ ಮೀಸೆ ತಿರುವಿದ. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಮುರಿದ ಸೊಂಟಕ್ಕೂ ಬುದ್ಧಿ ಕಲಿಯದ ಊರು ಇನ್ಯಾವುದಕ್ಕೆ ಕಲಿತೀತು?

ಮನೆಯ ದಾರಿ ಬಿಟ್ಟು, ಆ ಇಬ್ಬರಲ್ಲಿ ಒಬ್ಬಳ ಬಾಗಿಲು ತಟ್ಟಿದಳು.

"ಮೆಂಬರ್ ಇದ್ದಾರಾ?"

ಆಗಷ್ಟೇ ಮನೆ ಸೇರಿದ್ದ ಆಕೆಯ ಗಂಡ ಎದೆಯುಬ್ಬಿಸಿ ಹೊರಬಂದ. "ನಾನೇ. ಏನಾಗ್ಬೇಕಿತ್ತು?"

"ನಿಮ್ಮನ್ನಲ್ಲ. ಗೆದ್ದೋಳನ್ನ ಕರೀರಿ."

ಅವನು ಕದಲಲಿಲ್ಲ. ಅವನ ಬೆನ್ನ ಹಿಂದೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗೆದ್ದವಳೇ ಹೊಸ್ತಿಲಿಗೆ ಬಂದಳು.